ಟ್ರಯಲ್ಸ್ ಸೈಕಲ್‌ಗೆ ಅಗಲ ರಿಮ್ ಹಾಕಿ ಬ್ರೇಕ್ ಪ್ಯಾಡ್ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ ಕಡೆಯ ಹುಡುಗರು ಸೈಕಲ್ ಹಿಡಿದು ನಮ್ಮ ಮನೆ ಹಿಂದಿನ ಶೆಡ್ಡಿಗೆ ಬರುತ್ತಾರೆ. ಬರಲಾಗದವರು ಫೋಟೊ ಕಳಿಸಿ ಕೇಳುತ್ತಾರೆ. ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಅವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲಿಗೆ ಇವೆ, ಕೈಗೆ ಎಣ್ಣೆ ಮೆತ್ತಿಕೊಂಡವರದ್ದು ಆಮೇಲೆ.

## ಹೊಸಬರು ಕೇಳುವುದು

ಅಣ್ಣ, ಇದೆಂಥ ಸೈಕಲ್ಲು? ಸೀಟೇ ಇಲ್ವಲ್ಲ?

ಕಾಲು ನೆಲಕ್ಕೆ ಊರದೆ ಬಂಡೆ, ಕಟ್ಟೆ, ಮರದ ದಿಮ್ಮಿ ಹತ್ತಿ ಇಳಿಯುವ ಆಟ ಟ್ರಯಲ್ಸ್. ಕೂರುವ ಮಾತೇ ಇಲ್ಲ, ಪೂರ್ತಿ ಹೊತ್ತು ಪೆಡಲ್ ಮೇಲೆ ನಿಂತೇ ಇರಬೇಕು. ಹಾಗಾಗಿ ಸೀಟು ಇಲ್ಲ. ಸ್ಪೇನಿನ ಕೆಟಲೋನಿಯ ಕಡೆ ಮೋಟಾರ್‌ಸೈಕಲ್ ಟ್ರಯಲ್ಸ್ ನೋಡಿ ಬೆಳೆದ ಆಟ ಇದು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 1986ರಿಂದ ಇದಕ್ಕೆ ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತಿದೆ. 20 ಇಂಚು ಮತ್ತು 26 ಇಂಚು ಚಕ್ರಗಳಿಗೆ ಬೇರೆ ಬೇರೆ ವಿಭಾಗ ಇದೆ. ರಸ್ತೆ ಕಟ್ಟೆ, ಗೋಡೆಗಳ ಮೇಲೆ ಆಡುವ ಸ್ಟ್ರೀಟ್ ಟ್ರಯಲ್ಸ್‌ಗೆ 24 ಇಂಚು ಜಾಸ್ತಿ ಬಳಸುತ್ತಾರೆ.

ರಿಮ್ ಅಗಲ ಮಾಡಿದ್ರೆ ಏನ್ ಬರುತ್ತೆ? ಸುಮ್ನೆ ತೂಕ ಅಲ್ವಾ?

ತೂಕ ಬರುತ್ತದೆ, ನಿಜ. ಆದರೆ ಟ್ರಯಲ್ಸ್‌ನಲ್ಲಿ ಹಿಂದಿನ ಟೈರಿಗೆ ಗಾಳಿ ತುಂಬಾ ಕಡಿಮೆ ಇಡುತ್ತೇವೆ. ಬೆರಳಲ್ಲಿ ಒತ್ತಿದರೆ ತಗ್ಗಬೇಕು, ಅಷ್ಟು. ಹಾಗಿದ್ದರೆ ಮಾತ್ರ ಟೈರು ಕಲ್ಲಿನ ಮೂಲೆಯನ್ನು ತಬ್ಬಿ ಹಿಡಿಯುತ್ತದೆ. ಈಗ ಅದೇ ಮೆತ್ತನೆಯ ಟೈರನ್ನು ಕಿರಿದಾದ ರಿಮ್‌ಗೆ ಹಾಕಿ, ಹಿಂಚಕ್ರದ ಮೇಲೆ ನಿಂತು ಸ್ವಲ್ಪ ಪಕ್ಕಕ್ಕೆ ವಾಲಿ ನೋಡಿ. ಟೈರಿನ ಪಕ್ಕೆ ಮಡಚಿ, ಸೈಕಲ್ಲು ನಿಮ್ಮ ಕೆಳಗಿಂದಲೇ ಅಡ್ಡ ಜಾರುತ್ತದೆ. ಅಗಲ ರಿಮ್ ಟೈರಿನ ಎರಡು ಪಕ್ಕೆಗಳನ್ನೂ ದೂರ ದೂರ ಹಿಡಿದು ನಿಲ್ಲಿಸುತ್ತದೆ. ಗಾಳಿ ಕಡಿಮೆ ಇದ್ದರೂ ಮಡಚುವುದಿಲ್ಲ.

ಅಳತೆ ಹೇಳಬೇಕೆಂದರೆ, ಟ್ರಯಲ್ಸ್‌ನಲ್ಲಿ ಹಿಂದಿನ ರಿಮ್ ಹೊರಗಿನಿಂದ ಹೊರಕ್ಕೆ ಸುಮಾರು 45ರಿಂದ 48 ಮಿ.ಮೀ. ಇರುತ್ತದೆ. ಮುಂದಿನದು 32ರಿಂದ 38. ತೂಕ ಇಳಿಸಲು ಅಗಲ ರಿಮ್‌ನಲ್ಲಿ ಕಡ್ಡಿಗಳ ನಡುವೆ ದೊಡ್ಡ ದೊಡ್ಡ ತೂತು ಕೊರೆದಿರುತ್ತಾರೆ. ಅದರೊಳಗಿಂದ ಟ್ಯೂಬ್ ಉಬ್ಬಿ ಹೊರಗೆ ಬರದಂತೆ ಗಟ್ಟಿ ರಿಮ್ ಟೇಪ್ ಬೇಕು.

ಈಗೆಲ್ಲಾ ಡಿಸ್ಕ್ ಬಂದಿದೆ. ರಿಮ್ ಬ್ರೇಕ್ ಇನ್ನೂ ಯಾಕೆ ಸಾರ್?

ಡಿಸ್ಕ್ ಚೆನ್ನಾಗಿಯೇ ಇದೆ. 26 ಇಂಚಿನ ಸೈಕಲ್‌ಗಳಲ್ಲಿ ಮುಂದೆ ಡಿಸ್ಕ್, ಹಿಂದೆ ರಿಮ್ ಬ್ರೇಕ್ ಇರುವುದು ಬಹಳ ಸಾಮಾನ್ಯ. ನನ್ನದೂ ಹಾಗೇ. ಹಿಂದೆ ರಿಮ್ ಬ್ರೇಕ್ ನನಗೆ ಇಷ್ಟವಾಗಲು ಕಾರಣ ಒಂದೇ. ಅದು ಚಕ್ರವನ್ನು ಅಂಚಿನಲ್ಲೇ ಹಿಡಿಯುತ್ತದೆ. ಡಿಸ್ಕ್ ಹಿಡಿಯುವುದು ನಡುವಿನ ಹಬ್ ಹತ್ತಿರ, ಅಲ್ಲಿಂದ ಟೈರಿನ ತನಕ ಬಲ ಕಡ್ಡಿಗಳ ಮೂಲಕ ಹೋಗಬೇಕು. ಅಷ್ಟರಲ್ಲಿ ಚಕ್ರ ಕೂದಲೆಳೆಯಷ್ಟು ಅಲುಗುತ್ತದೆ. ರಸ್ತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಆರಿಂಚು ಅಗಲದ ಕಲ್ಲಿನ ಅಂಚಿನಲ್ಲಿ ಹಿಂಚಕ್ರದ ಮೇಲೆ ನಿಂತಾಗ ಗೊತ್ತಾಗುತ್ತದೆ.

ನಮ್ ಹುಡುಗನ ಗೇರ್ ಸೈಕಲ್‌ಗೇ ಅಗಲ ರಿಮ್ ಹಾಕ್ಸಿದ್ರೆ ಆಗಲ್ವಾ?

ಚಕ್ರವೇನೋ ಕೂರಬಹುದು. 26 ಇಂಚಿನ ಗೇರ್ ಸೈಕಲ್ಲು, 26 ಇಂಚಿನ ಟ್ರಯಲ್ಸ್ ರಿಮ್ಮು ಎರಡರಲ್ಲೂ ಟೈರು ಕೂರುವ ಜಾಗದ ಅಡ್ಡಳತೆ 559 ಮಿ.ಮೀ. ತೊಡಕು ಫ್ರೇಮಿನದು. ಅಗಲ ರಿಮ್ ಮೇಲೆ ಅದೇ ಟೈರು ಇನ್ನೂ ಅಗಲವಾಗಿ ಕೂರುತ್ತದೆ. ಹಿಂದಿನ ಎರಡು ಕೊಳವೆಗಳ ನಡುವೆ ಅಷ್ಟು ಜಾಗ ಇರುವುದಿಲ್ಲ. ಚೈನಿಗೂ ಟೈರು ತಾಗಬಹುದು. ದೊಡ್ಡ ವಿಷಯ ಇನ್ನೊಂದಿದೆ. ಸಾಧಾರಣ ಗೇರ್ ಸೈಕಲ್ಲಿನ ಫ್ರೇಮು, ಸಸ್ಪೆನ್ಷನ್ ಫೋರ್ಕು ಎತ್ತರದಿಂದ ಹಿಂಚಕ್ರದ ಮೇಲೆ ಬೀಳುವ ಪೆಟ್ಟಿಗೆ ಮಾಡಿದ್ದಲ್ಲ. ಹುಡುಗ ಕಲಿಯುವ ಆಸೆಯಲ್ಲಿದ್ದರೆ ಇದ್ದ ಸೈಕಲ್ಲಿನಲ್ಲೇ ನಿಂತಲ್ಲೇ ನಿಲ್ಲುವುದು, ಸಣ್ಣ ಕಟ್ಟೆ ಹತ್ತುವುದು ಕಲಿಯಲಿ. ರಿಮ್‌ಗೆ ಹಾಕುವ ದುಡ್ಡನ್ನು ಹೆಲ್ಮೆಟ್‌ಗೆ, ಮೊಣಕಾಲು ಮತ್ತು ಮುಂಗಾಲಿನ ಗಾರ್ಡ್‌ಗೆ ಹಾಕಿ.

20 ಇಂಚು ಅಂತಲೇ ಟೈರ್ ತಂದೆ, ಹಿಂದಕ್ಕೆ ಕೂರ್ತಾನೇ ಇಲ್ಲ?

20 ಇಂಚಿನ ಟ್ರಯಲ್ಸ್ ಸೈಕಲ್ಲಿನಲ್ಲಿ ಮುಂದಿನ ಚಕ್ರ ಮಾತ್ರ ನಿಜವಾದ 20 ಇಂಚು, ಅಂದರೆ ಟೈರು ಕೂರುವ ಜಾಗದ ಅಡ್ಡಳತೆ 406. ಹಿಂದಿನದು 19 ಇಂಚು, 387. ಮಕ್ಕಳ ಸೈಕಲ್ಲಿನ ಟೈರು, ಬಿಎಂಎಕ್ಸ್ ಟೈರು 406. ಅದು ಹಿಂದೆ ಸಡಿಲವಾಗಿ ಕಳಚಿಕೊಳ್ಳುತ್ತದೆ. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ಆ ಮೂರಂಕಿ ನೋಡಿಯೇ ಕೊಳ್ಳಿ.

## ದುಡ್ಡು ಕೊಡುವ ಮುಂಚೆ

ಎಷ್ಟು ಅಗಲದ್ದು ತರಿಸ್ಲಿ? 47 ಎಲ್ಲಾದಕ್ಕೂ ಆಗುತ್ತಾ?

ಎಲ್ಲಾದಕ್ಕೂ ಆಗುವುದಿಲ್ಲ. ನಿಮ್ಮ ಬ್ರೇಕ್ ಎಷ್ಟು ಜಾಗ ಬಿಟ್ಟುಕೊಡುತ್ತದೋ ಅಷ್ಟೇ ಅಗಲ ನಿಮಗೆ ಸಿಗುವುದು. ಟೈರಿನ ಲೆಕ್ಕ ಆಮೇಲೆ.

ವರ್ನಿಯರ್ ತಗೊಳ್ಳಿ. ಮಗುರಾ ಕಂಪನಿಯ ತರಹದ, ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ರಿಮ್ ಬ್ರೇಕ್ ಆದರೆ ಪ್ಯಾಡ್ ಕಿತ್ತು, ಪ್ಯಾಡನ್ನು ತಳ್ಳುವ ಎರಡೂ ಸಿಲಿಂಡರ್‌ಗಳನ್ನು ಕ್ಲಾಂಪಿನಲ್ಲಿ ಎಷ್ಟು ಹೊರಗೆ ಹೋಗುತ್ತವೋ ಅಷ್ಟು ಹೊರಗೆ ತಳ್ಳಿ. ಲಿವರ್ ಮೇಲಿನ ಪ್ಯಾಡ್ ಅಡ್ಜಸ್ಟ್ ಮಾಡುವ ತಿರುಪನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ. ಈಗ ಒಂದು ಪಿಸ್ಟನ್ ಮುಖದಿಂದ ಇನ್ನೊಂದರ ಮುಖಕ್ಕೆ ಅಳೆಯಿರಿ. 74 ಮಿ.ಮೀ. ಬಂತು ಎನ್ನಿ. ನಿಮ್ಮ ಹೊಸ ಪ್ಯಾಡ್ ಹಿಂಬದಿಯೂ ಸೇರಿ 12 ದಪ್ಪ ಇದ್ದರೆ ಎರಡಕ್ಕೆ 24. ರಿಮ್‌ಗೂ ಪ್ಯಾಡಿಗೂ ನಡುವೆ ಒಂದೊಂದು ಮಿ.ಮೀ. ಸಡಿಲ, ಎರಡು ಕಡೆಗೆ 2. ಉಳಿದದ್ದು 48. ಅದಕ್ಕಿಂತ ಅಗಲದ ರಿಮ್ ಕಣ್ಣೆತ್ತಿ ನೋಡಬೇಡಿ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಅಳೆದೇ ತರಿಸಿದ್ದೆ. ಆದರೆ ಅಳೆದದ್ದು ಸವೆದ ಹಳೇ ಪ್ಯಾಡನ್ನು. ರಿಮ್ ಬಂತು, ಕಡ್ಡಿ ಕಟ್ಟಿ, ಬೆಂಡ್ ತೆಗೆದು, ಹೊಸ ಪ್ಯಾಡ್ ಸಿಕ್ಕಿಸಿ ಚಕ್ರ ಕೂರಿಸಿದರೆ ಅದು ತಿರುಗಲೇ ಇಲ್ಲ. ಎರಡೂ ಪ್ಯಾಡು ಅದುಮಿಕೊಂಡು ನಿಂತಿದ್ದವು. ಆ ಸಂಜೆ ಗಾಜಿನ ಹಲಗೆ ಮೇಲೆ ಎಮೆರಿ ಪೇಪರ್ ಹಾಸಿ, ಹೊಸ ಪ್ಯಾಡಿನ ಮುಖವನ್ನು ಉಜ್ಜಿ ಉಜ್ಜಿ ಅರ್ಧ ಮಾಡಿದೆ. ದುಡ್ಡು ಕೊಟ್ಟು ತಂದ ಪ್ಯಾಡು ಪುಡಿಯಾಗಿ ನೆಲದ ಮೇಲೆ ಬಿದ್ದಿತ್ತು. ಅದಕ್ಕೇ ಹೇಳುವುದು, ಅಳೆಯುವುದು ಹೊಸ ಪ್ಯಾಡನ್ನೇ.

ಅಗಲ ರಿಮ್ ಇಲ್ಲೇ ಸಿಗುತ್ತೆ ಅಂದ್ರು, ಬೆಲೆನೂ ಕಮ್ಮಿ. ತಗೊಳ್ಲಾ?

ಮೊದಲು ರಿಮ್‌ನ ಪಕ್ಕೆ ಸವರಿ ನೋಡಿ. ಇಲ್ಲಿ ಸುಲಭವಾಗಿ ಸಿಗುವ ಅಗಲ ರಿಮ್‌ಗಳು ಹೆಚ್ಚಿನವು ಡಿಸ್ಕ್ ಬ್ರೇಕ್ ಸೈಕಲ್‌ಗೆ ಮಾಡಿದವು. ಅವುಗಳ ಪಕ್ಕೆ ದುಂಡಗೆ ಬಾಗಿರುತ್ತದೆ. ಪ್ಯಾಡು ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ, ಉಳಿದದ್ದು ಗಾಳಿಯಲ್ಲಿ. ಪಕ್ಕೆಯ ಲೋಹವೂ ತೆಳು, ತಿಕ್ಕಾಟ ತಡೆಯಲು ಮಾಡಿದ್ದಲ್ಲ. ರಿಮ್ ಬ್ರೇಕ್‌ಗೆ ಚಪ್ಪಟೆಯಾದ, ಪ್ಯಾಡಿನ ಎತ್ತರ ಪೂರ್ತಿ ಕೂರುವಷ್ಟು ಎತ್ತರದ ಪಕ್ಕೆ ಬೇಕು. ಬೆಲೆ ಎಷ್ಟೇ ಕಮ್ಮಿ ಇರಲಿ, ಅದಿಲ್ಲದಿದ್ದರೆ ಬೇಡ.

ಹಳೇ ಕಡ್ಡಿನೇ ಹೊಸ ರಿಮ್‌ಗೆ ಹಾಕ್ಬೋದಾ?

ಕಡ್ಡಿ ತೂತಿನ ಲೆಕ್ಕ ಸರಿಹೋದರೂ ಕಡ್ಡಿಯ ಉದ್ದ ಸರಿಹೋಗುತ್ತದೆ ಎಂದೇನಿಲ್ಲ. ನಿಪ್ಪಲ್ (ಕಡ್ಡಿಯ ತುದಿಗೆ ಬಿಗಿಯುವ ಸಣ್ಣ ನಟ್ಟು) ಕೂರುವ ಜಾಗದಿಂದ ಎದುರಿನ ನಿಪ್ಪಲ್ ಕೂರುವ ಜಾಗಕ್ಕೆ ಇರುವ ಅಳತೆ ರಿಮ್‌ನಿಂದ ರಿಮ್‌ಗೆ ಬೇರೆ. ಅದು 4 ಮಿ.ಮೀ. ಕಮ್ಮಿಯಾದರೆ ಕಡ್ಡಿಯೂ ಸುಮಾರು 2 ಮಿ.ಮೀ. ಗಿಡ್ಡ ಆಗಬೇಕು. ಉದ್ದ ಕಡ್ಡಿ ನಿಪ್ಪಲ್ ದಾಟಿ ಬಂದು ಟ್ಯೂಬಿಗೆ ಚುಚ್ಚುತ್ತದೆ. ಗಿಡ್ಡ ಕಡ್ಡಿ ತಿರುಪಿನ ಮರೆ ಸಾಲದೆ ಪೆಟ್ಟಿಗೆ ಕಿತ್ತು ಬರುತ್ತದೆ.

ಚಕ್ರ ಕಟ್ಟಿಸಲು ನಮ್ಮ ಮೈಸೂರಲ್ಲಿ ಒಂದು ಅನುಕೂಲ ಇದೆ. 1961ರಿಂದ 1996ರ ತನಕ ಇಲ್ಲಿ ಜಾವಾ, ಯೆಜ್ಡಿ ಬೈಕುಗಳು ತಯಾರಾದವು. ಕಡ್ಡಿ ಚಕ್ರ ಕಟ್ಟಿ ಕೈ ಪಳಗಿದ ಮೇಸ್ತ್ರಿಗಳು ಈ ಊರಲ್ಲಿ ಇನ್ನೂ ಇದ್ದಾರೆ. ನನ್ನ ಚಕ್ರ ಕಟ್ಟಿಕೊಟ್ಟದ್ದು ಅಂಥ ಒಬ್ಬ ಹಿರಿಯರೇ. ಕಡ್ಡಿಯನ್ನು ಉಗುರಿನಿಂದ ಮೀಟಿ, ಸದ್ದು ಕೇಳಿಯೇ ಬಿಗಿ ಹೇಳುತ್ತಾರೆ. ಅವರಿಗೆ ಒಂದು ಮಾತು ಮೊದಲೇ ಹೇಳಿ: ಬೈಕಿಗೆ ಸಾಕಾಗುವ ನೇರ ನಮಗೆ ಸಾಲದು. ಪ್ಯಾಡಿನ ಸಡಿಲವೇ ಒಂದು ಮಿ.ಮೀ. ಇರುವಾಗ ರಿಮ್ ಅರ್ಧ ಮಿ.ಮೀ.ಗಿಂತ ಜಾಸ್ತಿ ಓಲಾಡಬಾರದು. ರಿಮ್ ಎರಡೂ ಪ್ಯಾಡುಗಳಿಗೆ ಸರಿಯಾಗಿ ನಡುವೆ ಬರಬೇಕು.

## ಕೂರಿಸುವ ಕೆಲಸ

ಮಗುರಾ ಪ್ಯಾಡು ನೇರ ಕೂರ್ತಾನೇ ಇಲ್ಲ. ಬಿಗಿ ಮಾಡ್ತಿದ್ದಂಗೆ ವಾರೆ ಆಗುತ್ತೆ. ಏನ್ ಮಾಡ್ಲಿ?

ಇದು ಎಲ್ಲರಿಗೂ ಬರುವ ಕಷ್ಟ. ರಿಮ್ ಅಗಲವಾದಷ್ಟೂ ಸಿಲಿಂಡರ್ ಕ್ಲಾಂಪಿನ ಹೊರ ಅಂಚಿಗೆ ಹೋಗುತ್ತದೆ. ಹಿಡಿತ ಕಡಿಮೆಯಾಗಿ ಬಿಗಿ ಮಾಡುವಾಗ ವಾಲುತ್ತದೆ. ಕಣ್ಣಂದಾಜಿನಲ್ಲಿ ನೇರ ಮಾಡಲು ಹೋಗಬೇಡಿ, ರಿಮ್‌ಗೇ ಆ ಕೆಲಸ ಬಿಡಿ.

ನಾಲ್ಕೂ ಬೋಲ್ಟ್ ಸಡಿಲ ಮಾಡಿ. ಸಿಲಿಂಡರ್ ಕೈಗೆ ಅಲುಗಬೇಕು, ಬೀಳಬಾರದು. ಅಡ್ಜಸ್ಟ್ ತಿರುಪು ಪೂರ್ತಿ ಹಿಂದಕ್ಕೆ ಇರಲಿ. ಪ್ಯಾಡಿನ ಮೇಲಂಚು ರಿಮ್‌ನ ಮೇಲಂಚಿಗಿಂತ ಒಂದು ಮಿ.ಮೀ. ಕೆಳಗೆ ಬರುವಂತೆ ಹಿಡಿದು, ಎರಡೂ ಸಿಲಿಂಡರ್‌ಗಳನ್ನು ರಿಮ್‌ಗೆ ಒತ್ತಿ. ಈಗ ಲಿವರ್ ಎಳೆದು, ಹಳೇ ಟ್ಯೂಬಿನ ಒಂದು ಪಟ್ಟಿಯನ್ನು ಹ್ಯಾಂಡಲ್‌ಗೆ ಸುತ್ತಿ ಕಟ್ಟಿಬಿಡಿ. ಪ್ಯಾಡಿನ ಮುಖ ರಿಮ್‌ನ ಪಕ್ಕೆಗೆ ತಾನೇ ಚಪ್ಪಟೆಯಾಗಿ ಅಂಟಿ ಕೂರುತ್ತದೆ.

ಈ ಹಂತದಲ್ಲಿ ಅವಸರ ಬೇಡ. ಒಂದು ಬೋಲ್ಟ್ ಕಾಲು ಸುತ್ತು, ಅದರ ಜೋಡಿ ಬೋಲ್ಟ್ ಕಾಲು ಸುತ್ತು, ಮತ್ತೆ ಮೊದಲಿನದು. ಹಿಂದಿನಿಂದ ಒಂದು ಟಾರ್ಚ್ ಹಿಡಿದು ಪ್ಯಾಡಿಗೂ ರಿಮ್‌ಗೂ ನಡುವೆ ಬೆಳಕು ತೂರುತ್ತದೆಯಾ ನೋಡುತ್ತಾ ಹೋಗಿ. ಮೇಲೆ ಬೆಳಕಿನ ಗೆರೆ ಕಂಡರೆ ಪ್ಯಾಡು ಕೆಳಗೆ ಮಾತ್ರ ತಾಗುತ್ತಿದೆ ಎಂದರ್ಥ. ಹಾಗಾದರೆ ಕ್ಲಾಂಪಿನ ಕೆಳಗೆ ತಗಡಿನ ತೆಳು ಚೂರು ಇಟ್ಟು ಓರೆ ಸರಿ ಮಾಡಬೇಕು. ತಂಪು ಪಾನೀಯದ ಡಬ್ಬಿಯಿಂದ ಕತ್ತರಿಸಿದ ತಗಡು ಇದಕ್ಕೆ ಹೇಳಿ ಮಾಡಿಸಿದ್ದು.

ಬಿಗಿಯಾದ ಮೇಲೆ ಟ್ಯೂಬ್ ಬಿಚ್ಚಿ. ಪ್ಯಾಡು ಹಿಂದೆ ಸರಿಯುತ್ತದೆ. ಆಮೇಲೆ ಮಾತ್ರ ಅಡ್ಜಸ್ಟ್ ತಿರುಪಿನಿಂದ ಲಿವರ್ ನಿಮಗೆ ಬೇಕಾದಷ್ಟು ಹತ್ತಿರ ತಂದುಕೊಳ್ಳಿ. ಆ ತಿರುಪು ಇರುವುದು ಮುಂದೆ ಪ್ಯಾಡು ಸವೆದಾಗ ಸರಿದೂಗಿಸಲು. ಮೊದಲ ದಿನವೇ ಅದನ್ನು ಖಾಲಿ ಮಾಡಬೇಡಿ.

ನಂದು ವಿ ಬ್ರೇಕು. ಅಗಲ ರಿಮ್‌ಗೆ ತೋಳು ತುಂಬಾ ಹೊರಗೆ ಚಾಚ್ಕೊಂಡಿದೆ?

ವಿ ಬ್ರೇಕ್ ಅಂದರೆ ಕೇಬಲ್ ಎಳೆದಾಗ ಎರಡು ತೋಳು ಪ್ಯಾಡನ್ನು ರಿಮ್‌ಗೆ ಒತ್ತುವ ಬ್ರೇಕ್. 32ರ ರಿಮ್ ತೆಗೆದು 47 ಹಾಕಿದರೆ ವ್ಯತ್ಯಾಸ 15. ಅಂದರೆ ಒಂದೊಂದು ಕಡೆ 7.5 ಮಿ.ಮೀ. ಜಾಗ ಹುಡುಕಬೇಕು. ಪ್ಯಾಡಿನ ಬೋಲ್ಟಿನಲ್ಲಿ ಬಟ್ಟಲಿನಂಥ ವಾಷರ್ ಎರಡಿವೆ ನೋಡಿ, ಒಂದು ದಪ್ಪ, ಒಂದು ತೆಳು. ಸಾಮಾನ್ಯವಾಗಿ 6 ಮತ್ತು 3 ಮಿ.ಮೀ. ದಪ್ಪನೆಯದು ಪ್ಯಾಡಿಗೂ ತೋಳಿಗೂ ನಡುವೆ ಇದ್ದರೆ ಅದನ್ನು ಹೊರಗೆ ಹಾಕಿ, ತೆಳುವಾದದ್ದನ್ನು ಒಳಗೆ ಹಾಕಿ. ಅಲ್ಲೇ 3 ಮಿ.ಮೀ. ಸಿಕ್ಕಿತು. ಉಳಿದ 4.5ಕ್ಕೆ ತೆಳು ಪ್ಯಾಡು ನೋಡಿ, ಇಲ್ಲವೇ ತೋಳು ಸ್ವಲ್ಪ ಹೊರಗೆ ವಾಲಿದರೂ ಒಪ್ಪಿಕೊಳ್ಳಿ. ಆದರೆ ವಾಷರ್‌ಗಳನ್ನು ಪೂರ್ತಿ ತೆಗೆದುಹಾಕಬೇಡಿ. ಪ್ಯಾಡಿನ ಓರೆ ಸರಿಮಾಡುವುದೇ ಅವು.

ಇನ್ನೊಂದು. ವಿ ಬ್ರೇಕ್‌ನ ಪ್ಯಾಡು ನೇರ ಗೆರೆಯಲ್ಲಿ ಬರುವುದಿಲ್ಲ, ಕಮಾನಿನಂತೆ ಬಳಸಿ ಬರುತ್ತದೆ. ಬಿಟ್ಟಾಗ ಟೈರಿಗೆ ಹತ್ತಿರ, ಒತ್ತಿದಾಗ ಕಡ್ಡಿಗೆ ಹತ್ತಿರ. ಸವೆದಂತೆ ಇನ್ನೂ ಕೆಳಗಿಳಿಯುತ್ತದೆ. ಎರಡೂ ಸ್ಥಿತಿಯಲ್ಲಿ ನೋಡಿ ಎತ್ತರ ಇಡಿ.

ಪ್ಯಾಡು ಟೈರಿಗೆ ಸ್ವಲ್ಪ ತಾಗುತ್ತೆ ಅಷ್ಟೆ. ಪರವಾಗಿಲ್ಲ ತಾನೇ?

ಪರವಾಗಿಲ್ಲ ಅನ್ನುವಂತಿಲ್ಲ. ದಯವಿಟ್ಟು ಹಾಗೆ ಓಡಿಸಬೇಡಿ. ಪಾಂಡವಪುರದ ಕುಂತಿಬೆಟ್ಟದ ಬಂಡೆ ಮೇಲೆ ಒಂದು ಬೆಳಗ್ಗೆ ನನ್ನ ಹಿಂದಿನ ಟೈರು ಸಿಡಿಯಿತು. ಬಿಚ್ಚಿ ನೋಡಿದರೆ ಪಕ್ಕೆಯ ಉದ್ದಕ್ಕೂ ಬ್ಲೇಡಿನಲ್ಲಿ ಗೀರಿದಂತೆ ಒಂದು ಗೆರೆ. ರಬ್ಬರ್ ಹೋಗಿ ಒಳಗಿನ ನೂಲು ಎದ್ದಿತ್ತು. ಎರಡು ವಾರ ಪ್ಯಾಡಿನ ಮೂಲೆ ಕಾಗದದಷ್ಟು ತಾಗುತ್ತಿದ್ದದ್ದು ನನಗೆ ಗೊತ್ತಿತ್ತು, ಆಮೇಲೆ ಸರಿಮಾಡೋಣ ಎಂದುಕೊಂಡಿದ್ದೆ. ಸಿಡಿದಾಗ ನಾನು ನೆಲದಿಂದ ಮೊಣಕಾಲೆತ್ತರದಲ್ಲಿದ್ದೆ, ಮೊಣಕೈ ತರಚಿದ್ದರಲ್ಲಿ ಹೋಯಿತು. ಅದೇ ಕಲ್ಲಿನ ಎದೆಯೆತ್ತರದ ಅಂಚಿಗೆ ಅವತ್ತೇ ಹತ್ತಬೇಕೆಂದಿದ್ದೆ.

ಕಡಿಮೆ ಗಾಳಿಯ ಟೈರು ಭಾರ ಬಿದ್ದಾಗ ಉಬ್ಬುತ್ತದೆ ಎಂಬುದನ್ನೂ ಮರೆಯಬೇಡಿ. ಸ್ಟ್ಯಾಂಡ್ ಮೇಲೆ ತಾಗದ ಪ್ಯಾಡು ನೀವು ಹತ್ತಿ ಕುಪ್ಪಳಿಸಿದಾಗ ತಾಗಬಹುದು. ಇಬ್ಬರು ಇದ್ದು, ಒಬ್ಬರು ಹತ್ತಿ, ಇನ್ನೊಬ್ಬರು ಬಗ್ಗಿ ನೋಡಿ.

ಬೂಸ್ಟರ್ ಅಂತ ಕುದುರೆ ಲಾಳದ ತರ ಹಾಕ್ತಾರಲ್ಲ, ಬೇಕೇ ಬೇಕಾ?

ಬ್ರೇಕ್ ಒತ್ತಿದಾಗ ಫ್ರೇಮಿನ ಹಿಂದಿನ ಕೊಳವೆಗಳು ಹೊರಗೆ ಬಾಗುತ್ತವೆ. ಬೆರಳಿಟ್ಟು ಲಿವರ್ ಎಳೆದು ನೋಡಿ, ಗೊತ್ತಾಗುತ್ತದೆ. ಬಾಗಿದ್ದಷ್ಟು ಬಲ ಪೋಲು. ತುಂಬಾ ಬಾಗುತ್ತಿದ್ದರೆ ಎರಡೂ ಕಡೆ ಹಿಡಿದು ನಿಲ್ಲಿಸುವ ಬೂಸ್ಟರ್ ಹಾಕಿ. ಅಗಲ ಟೈರಿಗೆ ಅದರ ಕಮಾನು ತಾಗದಂತೆ ನೋಡಿ ಕೊಳ್ಳಿ, ಅಷ್ಟೆ.

ಪಂಕ್ಚರ್ ಆದ್ರೆ ಚಕ್ರ ಬಿಚ್ಚೋದು ಹೆಂಗೆ? ಟೈರು ಪ್ಯಾಡಿನ ಮಧ್ಯೆ ತೂರಲ್ಲ.

ಗಾಳಿ ಪೂರ್ತಿ ಬಿಟ್ಟು, ಟೈರನ್ನು ಕೈಯಲ್ಲಿ ಚಿವುಟಿ ಹಿಡಿದು ಎಳೆಯಿರಿ. ಆಗಲೂ ಬಾರದಿದ್ದರೆ ಪ್ಯಾಡ್ ಕಿತ್ತುಕೊಳ್ಳಿ, ಮಗುರಾದಲ್ಲಿ ಅದು ಸಿಕ್ಕಿಸಿದ್ದು ಮಾತ್ರ. ಸಿಲಿಂಡರ್ ಬೋಲ್ಟ್ ಮುಟ್ಟಬೇಡಿ. ಮುಟ್ಟಿದರೆ ಮೊದಲಿಂದ ಕೂರಿಸಬೇಕಾಗುತ್ತದೆ.

## ಬ್ರೇಕ್ ಕಚ್ಚಿ ನಿಲ್ಲಲು

ರಿಮ್‌ಗೆ ಗ್ರೈಂಡರ್ ಹಿಡೀತಾರಂತೆ, ನಿಜವಾ? ಹಾಳಾಗಲ್ವಾ?

ನಿಜ. ನುಣುಪಾದ ರಿಮ್‌ನ ಪಕ್ಕೆಗೆ ಆಂಗಲ್ ಗ್ರೈಂಡರ್‌ನಿಂದ ಸಣ್ಣ ಸಣ್ಣ ಗೀರು ಹಾಕುತ್ತಾರೆ. ಪ್ಯಾಡು ಆ ಗೀರುಗಳಿಗೆ ಕಚ್ಚಿಕೊಂಡು ಚಕ್ರ ಕಲ್ಲಿನಂತೆ ನಿಲ್ಲುತ್ತದೆ. ಮೊದಲ ಸಲ ಹೀಗೆ ಮಾಡಿದ ಬ್ರೇಕ್ ಹಿಡಿದವರು ಬೆಚ್ಚಿ ಬೀಳುತ್ತಾರೆ.

ಟೈರು, ಟ್ಯೂಬು, ಪ್ಯಾಡು ಎಲ್ಲಾ ತೆಗೆದು ಮಾಡಿ. ಗ್ರೈಂಡರ್ ಅನ್ನು ಒತ್ತಬೇಡಿ, ಅದರ ತೂಕವೂ ಬೀಳದಂತೆ ತಾಗಿಸಿ ತಾಗಿಸಿ ತೆಗೆಯಿರಿ. ಒಂದೇ ಜಾಗದಲ್ಲಿ ನಿಲ್ಲಿಸಿದರೆ ಗುಂಡಿ ಬೀಳುತ್ತದೆ, ಪ್ರತಿ ಸುತ್ತಿಗೂ ಬ್ರೇಕ್ ಅಲ್ಲಿ ತಡವರಿಸುತ್ತದೆ. ಗೀರು ರಿಮ್‌ನ ಸುತ್ತಿನ ಉದ್ದಕ್ಕೆ ಬೇಡ, ಅದಕ್ಕೆ ಅಡ್ಡಲಾಗಿ ಇರಲಿ. ಎರಡೂ ಪಕ್ಕೆಗೆ ಸಮನಾಗಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ಅಲ್ಯೂಮಿನಿಯಂ ಪುಡಿ ಒಳಗೆ ಹೋಗಬಾರದು. ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ.

ಹಾಳಾಗುವುದಿಲ್ಲವೇ ಎಂದರೆ, ಸವೆಯುತ್ತದೆ. ಗೀರು ಮೊಂಡಾದಾಗ ಮತ್ತೆ ಹಾಕಬೇಕು, ಪ್ರತಿ ಸಲವೂ ಪಕ್ಕೆ ತೆಳ್ಳಗಾಗುತ್ತದೆ. ಪಕ್ಕೆ ಒಳಗೆ ಬಾಗಿದಂತೆ ಕಂಡರೆ, ಬಿರುಕಿನ ಗೆರೆ ಕಂಡರೆ ಆ ರಿಮ್ ತೆಗೆದಿಡಿ. ಕಾರ್ಬನ್ ರಿಮ್‌ಗೆ, ತೆಳು ಪಕ್ಕೆಯ ರಿಮ್‌ಗೆ ಗ್ರೈಂಡರ್ ತೋರಿಸಲೇಬೇಡಿ. ಹದಿನೆಂಟು ತುಂಬದ ಹುಡುಗರು ಇದನ್ನು ಒಬ್ಬರೇ ಮಾಡಕೂಡದು, ನನ್ನ ಶೆಡ್ಡಲ್ಲಂತೂ ಬಿಡುವುದಿಲ್ಲ.

ಯಾವ ಪ್ಯಾಡು ಒಳ್ಳೇದು?

ರಿಮ್ ನೋಡಿ ಪ್ಯಾಡು. ಗೀರು ಹಾಕಿದ ರಿಮ್‌ಗೆ ಗಟ್ಟಿ ಪಾಲಿಯುರಿಥೇನ್ ತರಹದ್ದು. ಮೆತ್ತನೆಯ ರಬ್ಬರ್ ಹಾಕಿದರೆ ಗೀರು ಅದನ್ನು ತುರಿಮಣೆಯಂತೆ ತುರಿದು ಹಾಕುತ್ತದೆ. ನುಣುಪು ರಿಮ್‌ಗೆ ಮೆತ್ತನೆಯದು. ಹಿಂಬದಿ ಪ್ಲಾಸ್ಟಿಕ್‌ಗಿಂತ ಅಲ್ಯೂಮಿನಿಯಂ ಆಗಿದ್ದರೆ ಲಿವರ್ ಗಟ್ಟಿಯಾಗಿ ಕೈಗೆ ಸಿಗುತ್ತದೆ.

ರಿಮ್‌ಗೆ ಡಾಂಬರು ಸವರಿದ್ರೆ ಹಿಡಿಯುತ್ತಂತೆ?

ಹಿಡಿಯುತ್ತದೆ. ಹಳಬರು ನುಣುಪು ರಿಮ್‌ಗೆ ಒಂದು ಚುಕ್ಕೆ ಸವರಿ ಆಡುತ್ತಿದ್ದರು. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಅದು ಕರಗಿ, ಕೆಂಪು ಧೂಳು ಮೆತ್ತಿಕೊಂಡು ಪ್ಯಾಡಿನ ಮೇಲೆ ಪದರ ಕಟ್ಟುತ್ತದೆ. ಎರಡು ದಿನ ಚೆಂದ, ಮೂರನೇ ದಿನ ಜಾರುತ್ತದೆ. ನನಗೆ ಇಷ್ಟವಿಲ್ಲ.

ಲಿವರ್ ಸ್ಪಂಜ್ ಥರ ಆಗಿದೆ. ಬೈಕಿನ ಬ್ರೇಕ್ ಆಯಿಲ್ ಹಾಕ್ಲಾ?

ಬೇಡವೇ ಬೇಡ. ಬೈಕಿನ ಬ್ರೇಕ್ ಆಯಿಲ್ ಡಾಟ್ 3, ಡಾಟ್ 4. ಮಗುರಾಗೆ ಬೇಕಾದದ್ದು ಮಿನರಲ್ ಆಯಿಲ್. ಡಾಟ್ ಹಾಕಿದರೆ ಒಳಗಿನ ಸೀಲ್‌ಗಳು ಕೆಡುತ್ತವೆ, ಇಡೀ ಬ್ರೇಕ್ ಹೋಗುತ್ತದೆ. ಸ್ಪಂಜ್ ಅನಿಸುವುದು ಒಳಗೆ ಗಾಳಿ ಸೇರಿದ್ದಕ್ಕೆ. ಸಿಲಿಂಡರ್ ಕಡೆಯಿಂದ ಸಿರಿಂಜಿನಲ್ಲಿ ಎಣ್ಣೆ ತಳ್ಳಿ, ಮೇಲೆ ಲಿವರ್ ಕಡೆಯಿಂದ ಗುಳ್ಳೆ ಬರುವುದು ನಿಲ್ಲುವ ತನಕ ಬಿಡಿ. ಲಿವರ್ ಎಲ್ಲಕ್ಕಿಂತ ಎತ್ತರದಲ್ಲಿರುವಂತೆ ಸೈಕಲ್ ಓರೆ ನಿಲ್ಲಿಸಿದರೆ ಗಾಳಿ ತಾನೇ ಮೇಲೇರುತ್ತದೆ. ಒಂದು ಹನಿ ಎಣ್ಣೆಯೂ ಪ್ಯಾಡಿಗೆ ತಾಗಬಾರದು. ಮೊದಲೇ ಪ್ಯಾಡ್ ಕಿತ್ತು ದೂರ ಇಡಿ.

ಮಳೇಲಿ ಹಿಡಿಯೋದೇ ಇಲ್ಲ ಕಣಣ್ಣ?

ಒದ್ದೆ ರಿಮ್ ಮೇಲೆ ನೀರಿನ ಪೊರೆ ಇರುತ್ತದೆ. ಪ್ರತಿ ಸಲ ಹತ್ತುವ ಮುಂಚೆ ಬ್ರೇಕ್ ಸ್ವಲ್ಪ ಒತ್ತಿ ಎರಡು ಸುತ್ತು ಚಕ್ರ ಉರುಳಿಸಿ, ಪ್ಯಾಡೇ ಒರೆಸುತ್ತದೆ. ಕೆಸರು ಮೆತ್ತಿದ್ದರೆ ನೀರು ಹಾಕಿ ತೊಳೆಯಲೇಬೇಕು. ಜುಲೈ, ಆಗಸ್ಟ್‌ನಲ್ಲಿ ನಾವು ಎತ್ತರದ ಕಲ್ಲು ಬಿಟ್ಟು ನೆಲಮಟ್ಟದ ಅಭ್ಯಾಸ ಮಾಡುತ್ತೇವೆ.

ಎಲ್ಲಾ ಸರಿ ಮಾಡಿದ್ರೂ ಹಿಂಚಕ್ರ ಜಾರ್ತಾ ಇದೆ. ತಪ್ಪು ಎಲ್ಲಿ ಅಂತ ಗೊತ್ತಾಗ್ತಿಲ್ಲ.

ಒಂದು ಸೀಮೆಸುಣ್ಣ ತಗೊಳ್ಳಿ. ಟೈರಿನಿಂದ ರಿಮ್‌ನ ಮೇಲೆ ಹಾದು ಪ್ಯಾಡಿನ ಅಂಚಿನ ತನಕ ನೇರವಾಗಿ ಒಂದು ಗೆರೆ ಎಳೆಯಿರಿ. ಪ್ಯಾಡಿನಿಂದ ಸಿಲಿಂಡರ್, ಕ್ಲಾಂಪಿನ ಮೇಲೂ ಅದೇ ಗೆರೆ ಮುಂದುವರಿಸಿ. ಬ್ರೇಕ್ ಹಿಡಿದು ನಾಲ್ಕೈದು ಸಲ ಹಿಂಚಕ್ರದ ಮೇಲೆ ಕುಪ್ಪಳಿಸಿ, ಬ್ರೇಕ್ ಬಿಡದೆ ಇಳಿದು ನೋಡಿ.

ರಿಮ್‌ನ ಗೆರೆ ಪ್ಯಾಡಿನಿಂದ ಸರಿದಿದ್ದರೆ ತಪ್ಪು ಪ್ಯಾಡಿನದು ಅಥವಾ ರಿಮ್‌ನ ಪಕ್ಕೆಯದು. ಒರೆಸಿ, ಗೀರು ನೋಡಿ. ಸಿಲಿಂಡರ್‌ನ ಗೆರೆ ಕ್ಲಾಂಪಿನಿಂದ ಸರಿದಿದ್ದರೆ ಬೋಲ್ಟ್ ಬಿಗಿ ಸಾಲದು. ಎರಡೂ ನೆಟ್ಟಗಿದ್ದು ಟೈರಿನ ಗೆರೆ ಮಾತ್ರ ರಿಮ್‌ನ ಗೆರೆಯಿಂದ ಸರಿದಿದ್ದರೆ ಬ್ರೇಕ್‌ನ ತಪ್ಪೇ ಇಲ್ಲ. ಗಾಳಿ ತೀರಾ ಕಮ್ಮಿಯಾಗಿ ಟೈರೇ ರಿಮ್ ಮೇಲೆ ತಿರುಗುತ್ತಿದೆ, ವಾಲ್ವ್ ಓರೆಯಾಗಿರುವುದೂ ಕಾಣುತ್ತದೆ. ಒಂದೆರಡು ಸಲ ಪಂಪ್ ಹೊಡೆದು ಮತ್ತೆ ಗೆರೆ ಎಳೆದು ನೋಡಿ.

ಮೊನ್ನೆ ಮಂಡ್ಯದಿಂದ ಬಂದ ಹುಡುಗನೊಬ್ಬ ಮೂರು ಜೊತೆ ಪ್ಯಾಡ್ ಬದಲಿಸಿದ್ದ. ಗೆರೆ ಎಳೆದು ನೋಡಿದರೆ ಸರಿಯುತ್ತಿದ್ದದ್ದು ಟೈರು.